ಥೈರಾಯ್ಡ್ ಮಾತ್ರೆ, ಫಿಲ್ಟರ್ ಕಾಫಿ, ರಾಗಿ ಮುದ್ದೆ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಮೈಸೂರು-ಮಂಡ್ಯ ಗುಂಪಿನಲ್ಲಿ ಈ ಸಲ ಥೈರಾಯ್ಡ್ ಮತ್ತು ಹಾರ್ಮೋನುಗಳ ಬಗ್ಗೆ ಕೇಳಬಹುದು. ಉತ್ತರ ಕೊಡುವವರು ಮೈಸೂರಿನಲ್ಲೇ ರೋಗಿಗಳನ್ನು ನೋಡುವ ಹಾರ್ಮೋನ್ ತಜ್ಞರು, ಈ ಗುಂಪಿನ ಸದಸ್ಯರೂ ಹೌದು. ಹೆಸರು ಬೇಡ ಅಂದಿದ್ದಾರೆ. ಲ್ಯಾಬ್ ರಿಪೋರ್ಟಿನ ಫೋಟೋ ಯಾರೂ ಹಾಕಬೇಡಿ, ಅದರಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಎಲ್ಲಾ ಇರುತ್ತದೆ. ಬೇಕಾದ ಸಂಖ್ಯೆ ಮಾತ್ರ ಟೈಪ್ ಮಾಡಿ.

ಪ್ರಶ್ನೆ (ಕುವೆಂಪುನಗರ): ಮೇಡಂ, ನನಗೆ 34 ವರ್ಷ. ಟಿಎಸ್‌ಎಚ್ 14 ಬಂದಿದೆ, ಪಕ್ಕದಲ್ಲಿ ಜಾಸ್ತಿ ಅಂತ ಗುರುತು ಇದೆ. ಫ್ರೀ ಟಿ4 ಕಮ್ಮಿ. ನಮ್ಮ ಡಾಕ್ಟರ್ 'ಥೈರಾಯ್ಡ್ ಕಮ್ಮಿ ಇದೆ' ಅಂದರು. ಜಾಸ್ತಿಯೋ ಕಮ್ಮಿಯೋ?

ಡಾಕ್ಟರ್: ನಿಮ್ಮ ಡಾಕ್ಟರೂ ಸರಿ, ಲ್ಯಾಬೂ ಸರಿ. ಟಿಎಸ್‌ಎಚ್ ಅನ್ನುವುದು ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನೇ ಅಲ್ಲ. ಅದು ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ. 'ಇನ್ನಷ್ಟು ಮಾಡು' ಅಂತ ಥೈರಾಯ್ಡ್‌ಗೆ ಅದು ಕಳಿಸುವ ಆದೇಶ.

ಥೈರಾಯ್ಡ್ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ. ತೂಕ ಸುಮಾರು 20 ಗ್ರಾಂ. ಅದು ಮಾಡುವುದು ಹೆಚ್ಚಾಗಿ ಟಿ4, ಜೊತೆಗೆ ಸ್ವಲ್ಪ ಟಿ3. ಆ 4, 3 ಅಂದರೆ ಒಂದೊಂದು ಅಣುವಿನಲ್ಲಿರುವ ಅಯೋಡಿನ್ ಪರಮಾಣುಗಳ ಲೆಕ್ಕ. ಟಿ4ನಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡುವ ಕೆಲಸ ಲಿವರ್, ಕಿಡ್ನಿ ಮುಂತಾದ ಕಡೆ ನಡೆಯುತ್ತದೆ. ನಿಜವಾಗಿ ದುಡಿಯುವುದು ಟಿ3. ರಕ್ತದಲ್ಲಿ ಇವು ಕಮ್ಮಿಯಾದರೆ ಪಿಟ್ಯೂಟರಿ ಟಿಎಸ್‌ಎಚ್ ಏರಿಸುತ್ತದೆ. ಹೆಚ್ಚಾದರೆ ಇಳಿಸುತ್ತದೆ. ಹಾಗಾಗಿ ಟಿಎಸ್‌ಎಚ್ ಮೇಲೆ ಹೋಗಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆ ಅಂತ ತಿಳಿಯಬೇಕು. ದೊಡ್ಡವರಲ್ಲಿ ಸುಮಾರು 0.4ರಿಂದ 4ರವರೆಗೆ ಸರಿ, ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ.

ಒಂದು ಎಚ್ಚರಿಕೆ. ಅಪರೂಪಕ್ಕೆ ಪಿಟ್ಯೂಟರಿಯೇ ಕೆಟ್ಟಿರುತ್ತದೆ. ಆಗ ಟಿ4 ಕೆಳಗಿದ್ದರೂ ಟಿಎಸ್‌ಎಚ್ ಸರಿ ಇರುವಂತೆ ಕಾಣಬಹುದು. ಅದಕ್ಕೇ ಮೊದಲ ಸಲ ಎರಡನ್ನೂ ನೋಡುವುದು ಒಳ್ಳೆಯದು.

ಅದೇ ಸದಸ್ಯರು: ಕೂದಲು ಉದುರುತ್ತೆ, ಮಲಬದ್ಧತೆ, ಮುಟ್ಟಿನಲ್ಲಿ ರಕ್ತ ಜಾಸ್ತಿ. ಇದೆಲ್ಲಾ ಒಂದೇ ಗ್ರಂಥಿಯಿಂದಾನಾ?

ಡಾಕ್ಟರ್: ಆಗಬಹುದು. ಈ ಹಾರ್ಮೋನ್ ಮೈಯ ಹೆಚ್ಚುಕಡಿಮೆ ಎಲ್ಲಾ ಜೀವಕೋಶಗಳ ಒಳಕ್ಕೂ ಹೋಗುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನು ಬದಲಿಸುತ್ತದೆ. ಹೃದಯದ ಬಡಿತ, ಮೈ ಬಿಸಿ, ಕರುಳಿನ ಚಲನೆ, ಚರ್ಮ, ಮುಟ್ಟು, ಮನಸ್ಸಿನ ಚುರುಕು ಎಲ್ಲಕ್ಕೂ ಅದು ಬೇಕು. ಕಮ್ಮಿಯಾದರೆ ಎಲ್ಲವೂ ನಿಧಾನ. ಜನ ಗಮನಿಸದ ಇನ್ನೊಂದಿದೆ: ಕೊಲೆಸ್ಟ್ರಾಲ್. ಲಿವರ್ ಅದನ್ನು ರಕ್ತದಿಂದ ತೆಗೆಯುವುದೂ ನಿಧಾನವಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡುವ ಮೊದಲು ಒಂದು ಟಿಎಸ್‌ಎಚ್ ನೋಡಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕೂದಲು ಉದುರಲು ರಕ್ತ ಕಮ್ಮಿ ಇರುವುದೂ ಕಾರಣವಾಗಿರಬಹುದು.

ಪ್ರಶ್ನೆ (ಮಂಡ್ಯ): ಮೇಡಂ, ನಮ್ಮ ಅಮ್ಮನಿಗೆ 58 ವರ್ಷ. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಶುರುವಾಗಿ ಹತ್ತು ದಿನ ಆಯ್ತು. ಸುಸ್ತು ಹಾಗೇ ಇದೆ. ಲ್ಯಾಬಲ್ಲಿ ಮತ್ತೆ ನೋಡಿಸಿದರೆ ಟಿಎಸ್‌ಎಚ್ ಸ್ವಲ್ಪವೇ ಇಳಿದಿದೆ. ಪಕ್ಕದ ಮನೆಯವರು ಎರಡು ಮಾತ್ರೆ ಹಾಕಿಸಿ ಅಂತಾರೆ.

ಡಾಕ್ಟರ್: ಬೇಡ, ಖಂಡಿತಾ ಬೇಡ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟ ದಿನವೇ ಮದ್ದೂರು, ಮಳವಳ್ಳಿ ಕಡೆ ಕೊನೇ ಭಾಗದ ಗದ್ದೆ ತುಂಬಲ್ಲ, ಅಲ್ವಾ? ನೀರು ಬಂದಿಲ್ಲ ಅಂತ ತೂಬು ಇನ್ನೂ ಎತ್ತಿದರೆ ಮೇಲಿನವರ ಗದ್ದೆ ಮುಳುಗುತ್ತದೆ. ಈ ಮಾತ್ರೆಯೂ ಹಾಗೇ. ಅದರಲ್ಲಿರುವುದು ಟಿ4. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ದಿನವೂ ಒಂದೇ ಡೋಸ್ ತಗೊಂಡರೂ ಮಟ್ಟ ಒಂದು ಕಡೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಅದಕ್ಕೇ ನಾವು ಟಿಎಸ್‌ಎಚ್ ಮತ್ತೆ ನೋಡುವುದು 6ರಿಂದ 8 ವಾರಕ್ಕೆ. ಹತ್ತನೇ ದಿನದ ರಿಪೋರ್ಟಿಗೆ ಕೊಟ್ಟ ದುಡ್ಡು ದಂಡ.

ನನ್ನ ಬಳಿ ಬರುವವರಲ್ಲಿ ಅರ್ಧ ಗೊಂದಲ ಹುಟ್ಟುವುದು ಈ ಆತುರದಿಂದಲೇ. 50, ಆಮೇಲೆ 75, ಮತ್ತೆ 50, ಒಂದು ತಿಂಗಳಲ್ಲಿ ಮೂರು ಡೋಸ್. ಯಾವುದು ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಒಮ್ಮೆಲೇ ಜಾಸ್ತಿ ಕೊಟ್ಟರೆ ಎದೆನೋವು, ಬಡಿತದ ಏರುಪೇರು ಬರಬಹುದು. ಅಂಥವರಿಗೆ 12.5 ಅಥವಾ 25ರಿಂದಲೇ ಶುರು ಮಾಡುತ್ತೇವೆ.

ಪ್ರಶ್ನೆ (ಸರಸ್ವತಿಪುರಂ): ಒಂದು ದಿನ ಮರೆತರೆ?

ಡಾಕ್ಟರ್: ನೆನಪಾದಾಗ ತಗೊಳ್ಳಿ. ಮೇಲಿನ ಲೆಕ್ಕವೇ ಇಲ್ಲೂ ನಿಮ್ಮನ್ನು ಕಾಪಾಡುತ್ತದೆ. ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. ವಾರಕ್ಕೆ ಮೂರು ದಿನ ತಪ್ಪಿಸಿ ರಿಪೋರ್ಟ್ ಏಕೆ ಸರಿಹೋಗಿಲ್ಲ ಅಂದರೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿ, ಮಾನಸಗಂಗೋತ್ರಿ ಹತ್ತಿರ): ಎಲ್ಲಾ ಹಾರ್ಮೋನೂ ಇಷ್ಟು ನಿಧಾನವಾ ಮೇಡಂ?

ಡಾಕ್ಟರ್: ಇಲ್ಲಪ್ಪ. ರಿಂಗ್ ರೋಡಿನಲ್ಲಿ ಎದುರಿಗೆ ಲಾರಿ ನುಗ್ಗಿದರೆ ಅಡ್ರಿನಲಿನ್ ಸೆಕೆಂಡುಗಳಲ್ಲಿ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಊಟ ಮಾಡಿದ ಮೇಲೆ ಇನ್ಸುಲಿನ್ ಏರಿ ಇಳಿಯುವುದು ನಿಮಿಷಗಳ ಲೆಕ್ಕ. ಕಾರ್ಟಿಸಾಲ್ ಬೆಳಗ್ಗೆ ಮೇಲೆ, ಮಧ್ಯರಾತ್ರಿ ಕೆಳಗೆ. ಅದಕ್ಕೇ ಆ ಪರೀಕ್ಷೆಗೆ ಬೆಳಗ್ಗೆ 8 ಗಂಟೆಗೇ ರಕ್ತ ಕೇಳುತ್ತಾರೆ. ಟಿ4ನ ಬಹುಪಾಲು ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಶೇಕಡಾ 0.1ಕ್ಕಿಂತ ಕಮ್ಮಿ ಮಾತ್ರ ಬಿಡಿಯಾಗಿ ಓಡಾಡುತ್ತದೆ. ಫ್ರೀ ಟಿ4 ಅಂದರೆ ಆ ಬಿಡಿ ಭಾಗ. ಹೀಗೆ ಅಂಟಿಕೊಂಡಿರುವುದೇ ನಿಧಾನಕ್ಕೆ ದೊಡ್ಡ ಕಾರಣ.

ಪ್ರಶ್ನೆ (ಜಯಲಕ್ಷ್ಮೀಪುರಂ): ಮೇಡಂ, ಬೆಳಗ್ಗೆ ಐದೂವರೆಗೆ ಫಿಲ್ಟರ್ ಕಾಫಿ ಆಗದಿದ್ದರೆ ನನಗೆ ದಿನವೇ ಶುರುವಾಗಲ್ಲ. ಮಾತ್ರೆಯನ್ನೂ ಕಾಫಿ ಜೊತೆಗೇ ನುಂಗುತ್ತೇನೆ. 75 ಇದ್ದದ್ದು 100 ಆಯ್ತು, ಈಗ 125 ಅಂತಿದ್ದಾರೆ.

ಡಾಕ್ಟರ್: ಮೈಸೂರಿನವರ ಕಾಫಿ ಬಿಡಿಸುವ ಧೈರ್ಯ ನನಗಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಕಾಫಿ ಈ ಮಾತ್ರೆ ಕರುಳಿನಲ್ಲಿ ಹೀರಿಕೊಳ್ಳದಂತೆ ತಡೆಯುತ್ತದೆ. 125ಕ್ಕೆ ಹೋಗುವ ಮೊದಲು ನಿಮ್ಮ ಡಾಕ್ಟರಿಗೆ ಈ ಕಾಫಿ ವಿಷಯ ಹೇಳಿ. ಎದ್ದ ತಕ್ಷಣ ಬರೀ ನೀರಿನಲ್ಲಿ ಮಾತ್ರೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಅದು ಆಗಲ್ಲ ಅಂದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ತಗೊಳ್ಳಬಹುದು. ಯಾವುದಾದರೂ ಒಂದೇ ಹೊತ್ತು ಇಟ್ಟುಕೊಳ್ಳಿ.

ಕಾಫಿಗಿಂತ ದೊಡ್ಡ ಕಳ್ಳರು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ಟ್ರಿಕ್ ಅಂತ ದಿನವೂ ನುಂಗುವ ಪ್ಯಾಂಟೊಪ್ರಜೋಲ್ ಕೂಡ ಹೀರಿಕೊಳ್ಳುವುದನ್ನು ಕಮ್ಮಿ ಮಾಡಬಹುದು. ಕೂದಲಿಗೆ ಅಂತ ತಗೊಳ್ಳುವ ಬಯೋಟಿನ್ ಮಾತ್ರೆಯ ಕತೆ ಬೇರೆ. ಅದು ನಿಮ್ಮ ಥೈರಾಯ್ಡ್ ಹಾರ್ಮೋನಿಗೆ ಏನೂ ಮಾಡಲ್ಲ, ಆದರೆ ಕೆಲವು ಲ್ಯಾಬ್ ಯಂತ್ರಗಳನ್ನು ಏಮಾರಿಸುತ್ತದೆ. ಟಿಎಸ್‌ಎಚ್ ಸುಳ್ಳು ಕಮ್ಮಿ, ಟಿ4 ಸುಳ್ಳು ಜಾಸ್ತಿ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆಯಾದರೂ ನಿಲ್ಲಿಸಿ. ಪರೀಕ್ಷೆಯ ದಿನ ಮೊದಲು ರಕ್ತ, ಆಮೇಲೆ ಮಾತ್ರೆ.

ಪ್ರಶ್ನೆ (ನಾಗಮಂಗಲ): ಡಾಕ್ಟ್ರಮ್ಮ, ಥೈರಾಯ್ಡ್ ಇದ್ರೆ ಮುದ್ದೆ ತಿನ್ನಬಾರ್ದಂತೆ, ಕೋಸು ತಿನ್ನಬಾರ್ದಂತೆ. ಯಾವ್ದೋ ವಿಡಿಯೋ ನೋಡಿ ಸೊಸೆ ಮುದ್ದೆ ಮಾಡೋದೇ ನಿಲ್ಸಿದ್ದಾಳೆ.

ಡಾಕ್ಟರ್: ಮುದ್ದೆ ಬಿಡಬೇಡಿ ಅಮ್ಮ. ಕೆಲವು ಸಿರಿಧಾನ್ಯಗಳಲ್ಲಿ, ಮುಖ್ಯವಾಗಿ ಸಜ್ಜೆಯಲ್ಲಿ, ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುವ ಅಂಶ ಇರುವುದು ನಿಜ. ಅದು ತೊಂದರೆ ಕೊಟ್ಟಿದ್ದು ಊಟದಲ್ಲಿ ಅಯೋಡಿನ್ ಇಲ್ಲದೆ, ಹೊತ್ತು ಹೊತ್ತಿಗೂ ಅದನ್ನೇ ತಿನ್ನುವ ಕಡೆಗಳಲ್ಲಿ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ರಾಗಿಗೆ ಹೆದರಬೇಕಿಲ್ಲ. ಕೋಸು, ಹೂಕೋಸು ಬೇಯಿಸಿದರೆ ಆ ಗುಣ ಬಹಳಷ್ಟು ಹೋಗುತ್ತದೆ. ನೀವು ಸೊಪ್ಪಿನ ಸಾರು, ಮುದ್ದೆ ಉಣ್ಣಿ. ಮಾತ್ರೆಗೂ ಊಟಕ್ಕೂ ಅಂತರ ಇರಲಿ, ಅಷ್ಟೇ.

ನಾನು ಕೇಳಬೇಕಾದ್ದು ಬೇರೆ ಇದೆ. ಮನೆಯಲ್ಲಿ ಯಾವ ಉಪ್ಪು? ಈಚೆಗೆ ಮೈಸೂರಿನಲ್ಲಿ ಎಷ್ಟೋ ಮನೆಗಳು ಕಲ್ಲುಪ್ಪು, ಸೈಂಧವ ಲವಣಕ್ಕೆ ಹೋಗಿವೆ. ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ದರೆ ಅದರಲ್ಲಿ ಬೇಕಾದಷ್ಟು ಇಲ್ಲ ಅಂತಲೇ ತಿಳಿಯಿರಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. 70 ವರ್ಷಕ್ಕೆ ಲೆಕ್ಕ ಹಾಕಿದರೂ 4 ಗ್ರಾಂ ದಾಟಲ್ಲ. ಇಷ್ಟು ಚೂರು ಸಿಗದೆ ದೇಶದಲ್ಲಿ ಎಷ್ಟೋ ಜನರಿಗೆ ಗಳಗಂಡ ಬರುತ್ತಿತ್ತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು ಅದಕ್ಕೇ. ಉಪ್ಪಿನ ಡಬ್ಬಿಯ ಮುಚ್ಚಳ ಭದ್ರವಾಗಿರಲಿ. ಹಾಗಂತ ಅಯೋಡಿನ್ ಡ್ರಾಪ್ಸ್, ಕಡಲಪಾಚಿ ಮಾತ್ರೆ ಅಂತ ಶುರು ಮಾಡಬೇಡಿ. ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ನಾಗಮಂಗಲದ ಸದಸ್ಯರು: ಇದ್ನ ಸೊಸೆಗೆ ಓದಿ ಹೇಳ್ತೀನಿ ತಾಯಿ.

ಪ್ರಶ್ನೆ (ವಿಜಯನಗರ 4ನೇ ಹಂತ): ಟಿಎಸ್‌ಎಚ್ 5.6, ಟಿ4 ಸರಿ ಇದೆ. ತೂಕ 84. ಮಾತ್ರೆ ತಗೊಂಡರೆ ಇಳಿಯುತ್ತಾ?

ಡಾಕ್ಟರ್: ಇಳಿಯುವುದಿಲ್ಲ. ಕಹಿ ಅನ್ನಿಸಿದರೂ ನೇರವಾಗಿ ಹೇಳುತ್ತೇನೆ. ಥೈರಾಯ್ಡ್ ನಿಜಕ್ಕೂ ತುಂಬಾ ಕಮ್ಮಿ ಇದ್ದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು-ನೀರು. ನಿಮ್ಮ 5.6ಕ್ಕೆ ಹೆಚ್ಚಾದ ತೂಕದ ಆರೋಪವೆಲ್ಲಾ ಹೊರಿಸುವುದು ಸುಮ್ನೆ. ತೂಕ ಇಳಿಸಲು ಅಂತ ಈ ಮಾತ್ರೆ ಜಾಸ್ತಿ ನುಂಗಿದರೆ ಎದೆಬಡಿತ ಅಡ್ಡಾದಿಡ್ಡಿ ಆಗುತ್ತದೆ, ಮೂಳೆ ಸವೆಯುತ್ತದೆ.

ಇನ್ನೆರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಿಸಿ, ಜೊತೆಗೆ ಆಂಟಿ-ಟಿಪಿಒ ಒಮ್ಮೆ. ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ಬಿದ್ದಿದೆಯಾ ಅಂತ ನೋಡುವ ರಕ್ತಪರೀಕ್ಷೆ ಅದು. ಇಂಥವು ಎಷ್ಟೋ ಸಲ ತಾವಾಗೇ ಸರಿಹೋಗುತ್ತವೆ. 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತೇವೆ. ಅದಕ್ಕಿಂತ ಕೆಳಗಿದ್ದರೆ ವಯಸ್ಸು, ಲಕ್ಷಣ, ಮಗುವಿನ ಯೋಚನೆ ಇದೆಯಾ ಅಂತ ನೋಡಿ ನಿರ್ಧಾರ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. 75 ದಾಟಿದವರಲ್ಲಿ 6 ಬಂದರೆ ಅದನ್ನು ರೋಗ ಅನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ (ಶ್ರೀರಂಗಪಟ್ಟಣ): ನನಗೆ 29 ವರ್ಷ. ಥೈರಾಯ್ಡ್ ಜಾಸ್ತಿ ಅಂತ ಒಂದೂವರೆ ತಿಂಗಳಿಂದ ಕಾರ್ಬಿಮಜೋಲ್ ತಗೊಳ್ತಿದ್ದೀನಿ. ಕೈ ನಡುಕ ಕಮ್ಮಿ ಆಗಿದೆ. ನಿನ್ನೆಯಿಂದ ಜ್ವರ, ಗಂಟಲು ತುಂಬಾ ನೋವು. ಪ್ಯಾರಾಸಿಟಮಾಲ್ ಸಾಕಾ?

ಡಾಕ್ಟರ್: ಸಾಲದು. ಕಾರ್ಬಿಮಜೋಲ್ ಈಗಲೇ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತಕಣಗಳ ಪರೀಕ್ಷೆ ಮಾಡಿಸಿ. ನಾಳೆ ಅನ್ನಬೇಡಿ. ಈ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ತೀರಾ ಇಳಿಸುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅದರ ಮೊದಲ ಸುಳಿವೇ ಜ್ವರ, ಗಂಟಲು ನೋವು. ಅಲ್ಲಿ ಮಾತ್ರೆಯ ಹೆಸರು ಹೇಳುವುದು ಮರೆಯಬೇಡಿ.

ಶ್ರೀರಂಗಪಟ್ಟಣದ ಸದಸ್ಯರು: ಕೆ.ಆರ್. ಆಸ್ಪತ್ರೆಗೆ ಹೊರಟೆ ಮೇಡಂ.

ಪ್ರಶ್ನೆ (ಮದ್ದೂರು): ನನಗೆ ಈಗ ಎರಡು ತಿಂಗಳು. ಮುಂಚಿಂದ 75 ತಗೊಳ್ತಿದ್ದೆ. ಬಸುರಿ ಮಾತ್ರೆ ತಗೊಂಡರೆ ಮಗುಗೆ ಆಗಲ್ಲ ಅಂತ ಅತ್ತೆ ನಿಲ್ಲಿಸು ಅಂತಿದ್ದಾರೆ.

ಡಾಕ್ಟರ್: ನಿಲ್ಲಿಸಬೇಡಿ. ನಿಲ್ಲಿಸಿದರೇ ಮಗುವಿಗೆ ಆಗಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಸ್ವಂತ ಥೈರಾಯ್ಡ್ ಇನ್ನೂ ತಯಾರಾಗಿರುವುದಿಲ್ಲ. ಅದರ ಮೆದುಳು ಬೆಳೆಯುವುದು ನಿಮ್ಮ ಹಾರ್ಮೋನಿನಲ್ಲಿ. ನಿಮ್ಮ ಡೋಸ್ ಬಹುಶಃ ಶೇಕಡಾ 25-30ರಷ್ಟು ಏರಿಸಬೇಕಾಗುತ್ತದೆ, ಈ ವಾರವೇ ಡಾಕ್ಟರನ್ನು ನೋಡಿ. ಇಲ್ಲಿ ಆರು ವಾರ ಕಾಯುವ ಮಾತಿಲ್ಲ, ಅರ್ಧ ಬಸಿರಿನವರೆಗೂ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ ಹಾಕಿಕೊಳ್ಳಿ.

ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಥೈರಾಯ್ಡ್ ನೋಡಿ ಅಂತ ಕೇಳಿ. ಇದು ನಿಮಗೊಬ್ಬರಿಗಲ್ಲ, ಎಲ್ಲಾ ತಾಯಂದಿರಿಗೂ. ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದು ಈ ಕೊರತೆಯಿಂದ ಹುಟ್ಟುತ್ತದೆ. ನೋಡಲು ಚೆನ್ನಾಗೇ ಇರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಸರಿಯಾಗಿ ಬೆಳೆಯುತ್ತದೆ. ತಡವಾದರೆ ಕಳೆದದ್ದು ವಾಪಸ್ ಬರುವುದಿಲ್ಲ.

ಪ್ರಶ್ನೆ (ಪಾಂಡವಪುರ): ಜೀವನ ಪೂರ್ತಿ ಮಾತ್ರೆ ಅಂದ್ರೆ ಅದಕ್ಕೆ ಅಡಿಕ್ಟ್ ಆದ ಹಾಗಲ್ವಾ? ಯೋಗದಲ್ಲಿ ವಾಸಿ ಆಗಲ್ವಾ?

ಡಾಕ್ಟರ್: ಹೆಚ್ಚಿನವರಲ್ಲಿ ಕಾರಣ ಹಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಬರೆದಿಟ್ಟದ್ದು. ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ನಿಧಾನವಾಗಿ ಹಾಳು ಮಾಡುತ್ತದೆ. ಮಾತ್ರೆಯಲ್ಲಿರುವುದು ನಿಮ್ಮ ಗ್ರಂಥಿ ಮಾಡುತ್ತಿದ್ದ ಅದೇ ಟಿ4. ಇಲ್ಲದ್ದನ್ನು ತುಂಬುವುದು ಚಟ ಹೇಗಾಗುತ್ತದೆ? 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅನ್ನುವ ವೈದ್ಯ ಕುರಿಯ ಥೈರಾಯ್ಡ್ ರಸವನ್ನು ಇಂಥ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಅದೇ ಚಿಕಿತ್ಸೆಯಲ್ಲಿ 1919ರವರೆಗೆ ಬದುಕಿದಳು. ನಮಗೆ ಕುರಿ ಬೇಕಿಲ್ಲ, ಒಂದು ಚಿಕ್ಕ ಮಾತ್ರೆ ಸಾಕು. ಯೋಗ ಮಾಡಿ, ನಿದ್ದೆಗೆ, ಬೆನ್ನಿಗೆ ಒಳ್ಳೆಯದು. ಮಾತ್ರೆ ಮಾತ್ರ ಬಿಡಬೇಡಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಬರುವ ಥೈರಾಯ್ಡ್ ಏರುಪೇರು ಎಷ್ಟೋ ಸಲ ತಾತ್ಕಾಲಿಕ. ಅಂಥವರಲ್ಲಿ ನಾವೇ ನಿಲ್ಲಿಸಿ ನೋಡುತ್ತೇವೆ.

ಪ್ರಶ್ನೆ (ಹೆಬ್ಬಾಳ, ಮೈಸೂರು): ಕೊನೆಯದು ಮೇಡಂ. ಮೆಡಿಕಲ್ ಶಾಪಲ್ಲಿ ನಮ್ಮ ಕಂಪನಿ ಮಾತ್ರೆ ಇಲ್ಲ ಅಂತ ಬೇರೆ ಕೊಟ್ಟರು. ತಗೊಳ್ಳಬಹುದಾ? ಬಾಟಲಿ ಒಲೆ ಮೇಲಿನ ಶೆಲ್ಫಲ್ಲಿ ಇಟ್ಟಿದ್ದೀನಿ, ಮರೆಯದಿರಲಿ ಅಂತ.

ಡಾಕ್ಟರ್: ಮೈಕ್ರೋಗ್ರಾಂ ಅಷ್ಟೇ ಇದ್ದರೆ ತಗೊಳ್ಳಿ, ಆದರೆ ಪದೇ ಪದೇ ಕಂಪನಿ ಬದಲಿಸಬೇಡಿ. ಬದಲಾದ ಮೇಲೆ 6 ವಾರಕ್ಕೆ ಒಮ್ಮೆ ಟಿಎಸ್‌ಎಚ್ ನೋಡಿಸಿ. ಒಲೆ ಮೇಲಿನ ಶೆಲ್ಫಿನಿಂದ ಇವತ್ತೇ ಇಳಿಸಿ. ಬಿಸಿ, ಬೆಳಕು, ಆವಿ ಮೂರೂ ಇದಕ್ಕೆ ಆಗಲ್ಲ. ಬಾಟಲಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇದ್ದರೆ ಬಿಸಾಡಬೇಡಿ, ಅಲ್ಲೇ ಇರಲಿ.