ಪದಚರ್ಚೆ: ಫೈಲ್ ಓದುವಾಗ ಬರುವ ‘ಎರರ್’ಗೆ ಏನನ್ನೋಣ?

ಬದಿಯಡ್ಕದಿಂದ:
ನಮಸ್ಕಾರ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು, ಹಾಗಾಗಿ ಅವಸರ. ಇಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಣ್ಣ ಕೈಪಿಡಿ ಮಾಡುತ್ತಿದ್ದೇನೆ. ಫೈಲ್ ಓದುವ ಪಾಠದಲ್ಲಿ ಸಿಕ್ಕಿಹಾಕಿಕೊಂಡೆ.

ರಸ್ಟ್‌ನಲ್ಲಿ ಫೈಲ್ ತೆರೆಯಲು ಹೇಳಿದರೆ ಫೈಲ್ ನೇರವಾಗಿ ಕೈಗೆ ಬರುವುದಿಲ್ಲ. ಬರುವುದು ‘ರಿಸಲ್ಟ್’. ಅದು ‘ಓಕೆ’ ಆಗಿದ್ದರೆ ಒಳಗೆ ಫೈಲ್ ಇದೆ. ‘ಎರ್’ ಆಗಿದ್ದರೆ ಯಾಕೆ ಸಿಗಲಿಲ್ಲ ಅನ್ನುವ ಕಾರಣ ಇದೆ. ಆ ಹೆಸರಿನ ಫೈಲೇ ಇಲ್ಲದಿರಬಹುದು, ಓದಲು ಅನುಮತಿ ಇಲ್ಲದಿರಬಹುದು. ಇದನ್ನು ‘ತಪ್ಪು’ ಅಂತ ಬರೆದರೆ ಮಕ್ಕಳು ತಾವೇ ಏನೋ ಮಾಡಿಬಿಟ್ಟೆವು ಅಂದುಕೊಳ್ಳುತ್ತಾರೆ. ‘ದೋಷ’ವನ್ನು ಆಗಲೇ ಪ್ರೋಗ್ರಾಂ ಬರೆದವರ ಎಡವಟ್ಟಿಗೆ, ಅಂದರೆ ಬಗ್‌ಗೆ ಕೊಟ್ಟಾಗಿದೆ.

‘ಪ್ಯಾನಿಕ್’ಗೂ ಒಂದು ಪದ ಬೇಕು. ‘ರಿಸಲ್ಟ್’ ಒಳಗಿರುವುದನ್ನು ನೇರವಾಗಿ ತೆಗೆಯುವ ‘ಅನ್‌ವ್ರ್ಯಾಪ್’ ಹಾಕಿದ ಕಡೆ ‘ಎರ್’ ಬಂದರೆ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದಲ್ಲ, ಅದಕ್ಕೆ. ‘ಗಾಬರಿ’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ.

ಉಪ್ಪಳದಿಂದ:
‘ಅಪವಾದ’. ಇದರಲ್ಲಿ ಚರ್ಚೆ ಮಾಡಲು ಎಂತ ಉಂಟು?

ಕುಂಬಳೆಯಿಂದ:
ಅಪವಾದ ಎಕ್ಸೆಪ್ಶನ್‌ಗೆ, ಅಂದರೆ ಬೇರೆ ಕೆಲವು ಭಾಷೆಗಳಲ್ಲಿ ಎಡವಟ್ಟಾದಾಗ ಪ್ರೋಗ್ರಾಂ ಎಸೆಯುವ ಸೂಚನೆಗೆ. ರಸ್ಟ್‌ನಲ್ಲಿ ಎಕ್ಸೆಪ್ಶನ್ ಇಲ್ಲವೇ ಇಲ್ಲ. ಮೇಲಾಗಿ ನಮ್ಮೂರಲ್ಲಿ ಅಪವಾದ ಅಂದರೆ ಇಲ್ಲದ ದೂರು ಹೊರಿಸುವುದು. ಕಂಪ್ಯೂಟರ್ ಯಾರ ಮೇಲೆ ಹೊರಿಸಿತು?

ಅದಿರಲಿ, ‘ಫೈಲ್’ ಯಾಕೆ? ‘ಕಡತ’ ಸತ್ತುಹೋಯಿತಾ? ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕವೇ ಕಡತ. ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಅದರ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ದಾಖಲೆಗಳು ಇಂಥ ಕಡತಗಳಲ್ಲಿವೆ. ಓದು, ಬರೆ, ಅಳಿಸು, ಎಲ್ಲವೂ ಆ ಒಂದು ಪದದಲ್ಲೇ ಇದೆ. ನಿಮಗೆ ಫೈಲೇ ಬೇಕು.

ನೀರ್ಚಾಲಿನಿಂದ:
ಕೇಳಿದ್ದು ಎರರ್ ಬಗ್ಗೆ. ತಮಿಳಿನಲ್ಲಿ ‘ಪಿೞೈ’, ಮಲಯಾಳದಲ್ಲಿ ‘ಪಿೞವ್’. ಇಲ್ಲಿನ ಮಕ್ಕಳಿಗೆ ಕೇಳಿ ಗೊತ್ತಿರುವ ಪದ. ‘ಪಿಳವು’ ಅಂತ ತಂದರೆ ಏನು ತೊಂದರೆ?

ಕುಂಬಳೆಯಿಂದ:
1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಬೋರ್ಡು, ಅರ್ಜಿ, ರೇಷನ್ ಕಾರ್ಡು ಎಲ್ಲ ಕಡೆ ಮಲಯಾಳ ನೋಡಿದ್ದು ಸಾಲದೇ? ಇನ್ನು ನಾವೇ ಕರೆದು ಕೂರಿಸಬೇಕಾ? ‘ಪಿೞ’ ಅಂದರೆ ಇಲ್ಲಿ ಪೊಲೀಸರು ಹಾಕುವ ದಂಡ. ಫೈಲ್ ಸಿಗದಿದ್ದರೆ ಮಕ್ಕಳು ದಂಡ ಕಟ್ಟಬೇಕಾ?

ನೀರ್ಚಾಲಿನಿಂದ:
ದಂಡ ಸಂಸ್ಕೃತದ್ದು. ಅರ್ಜಿ ಅರಬ್ಬಿ ಮೂಲದ್ದು. ರೇಷನ್ ಕಾರ್ಡು ಇಂಗ್ಲಿಷ್. ದೂರದವರಿಗೆಲ್ಲ ಬಾಗಿಲು ತೆರೆದಿದೆ, ಪಕ್ಕದ ಮನೆಯವರಿಗೆ ಮಾತ್ರ ಮುಚ್ಚಿದೆ ಅಲ್ವಾ? ಹೀಗೆ ಮಡಿ ಮಾಡುತ್ತಾ ಕೂತರೆ ಕೈಪಿಡಿ ಆದ ಹಾಗೆಯೇ.

ಪೆರ್ಲದಿಂದ:
ಗಡಿ ಜಗಳ ಆಮೇಲೆ ಮಾಡಿ. ಅವರಿಗೆ ನಾಳೆ ಕೊಡಬೇಕಂತೆ.

ಎರರ್‌ಗೆ ‘ತೊಡಕು’. ಯಾಕೆ ಅಂದರೆ, ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಉಳಿಸಿದ ಟೆಕ್ಸ್ಟ್ ಫೈಲನ್ನು ರಸ್ಟ್‌ನ ಪಠ್ಯ ಓದಿಕೊಡುವ ‘ರೀಡ್ ಟು ಸ್ಟ್ರಿಂಗ್’ಗೆ ಕೊಟ್ಟು ನೋಡಿ. ಫೈಲ್ ಇದೆ, ಅನುಮತಿಯೂ ಇದೆ. ಆದರೂ ‘ಎರ್’ ಬರುತ್ತದೆ. ಒಳಗಿನ ಬೈಟುಗಳು ರಸ್ಟ್ ಪಠ್ಯಕ್ಕೆ ಒಪ್ಪುವ ಯುಟಿಎಫ್-8 ಸಂಕೇತ ಕ್ರಮದಲ್ಲಿಲ್ಲ, ಅಷ್ಟೇ. ಬರೆದವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಇದನ್ನು ‘ತಪ್ಪು’ ಅಂತ ಯಾರ ತಲೆಗೆ ಕಟ್ಟುತ್ತೀರಿ?

ಪ್ಯಾನಿಕ್‌ಗೆ ‘ಕೈಚೆಲ್ಲು’. ‘ಪ್ರೋಗ್ರಾಂ ಕೈಚೆಲ್ಲಿತು’ ಅಂದರೆ ಯಾರಿಗೂ ಅರ್ಥ ಹೇಳಬೇಕಿಲ್ಲ. 2016ರಲ್ಲಿ, ರಸ್ಟ್‌ನ 1.13ನೇ ಆವೃತ್ತಿಯಲ್ಲಿ ಬಂದ ಪ್ರಶ್ನೆ ಚಿಹ್ನೆಗೆ (?) ‘ದಾಟಿಸು’. ತೊಡಕು ಬಂದರೆ ಅದು ತಾನು ಬಿಡಿಸಲು ಹೋಗದೆ, ತಾನಿರುವ ಫಂಕ್ಷನ್ ಅನ್ನು ಕರೆದ ಫಂಕ್ಷನ್‌ಗೆ ದಾಟಿಸುತ್ತದೆ.

ಉಪ್ಪಳದಿಂದ:
ತೊಡಕು ಕೂದಲಿಗೆ, ನೂಲಿಗೆ. ಪಾರಿಭಾಷಿಕ ಪದಕ್ಕೆ ಒಂದು ಗಾಂಭೀರ್ಯ ಬೇಕು.

ಪೆರ್ಲದಿಂದ:
ಗಾಂಭೀರ್ಯ ಬೇಕಿದ್ದವರು ತಾಮ್ರಪಟದಲ್ಲಿ ಬರೆಸಲಿ.

ಬದಿಯಡ್ಕದಿಂದ:
ತೊಡಕು, ಕೈಚೆಲ್ಲು, ದಾಟಿಸು, ಮೂರನ್ನೂ ತೆಗೆದುಕೊಂಡೆ. ಕೋಡಿನೊಳಗೆ ‘ಎರ್’ ಹಾಗೇ ಇರುತ್ತದೆ, ಅಲ್ಲಿ ಬದಲಿಸಿದರೆ ಕೋಡನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ಬಿಡುವುದಿಲ್ಲ. ಫೈಲ್ ಫೈಲೇ ಆಗಿರಲಿ. ಕುಂಬಳೆಯವರು ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮಕ್ಕಳಿಗೆ ಕಡತ ಅಂದರೆ ಪಂಚಾಯತ್ ಆಫೀಸಿನ ಕಪಾಟಿನಲ್ಲಿರುವುದು.

ಕುಂಬಳೆಯಿಂದ:
ಬೇಜಾರಿಲ್ಲ, ಒಪ್ಪಿಗೆಯೂ ಇಲ್ಲ. ಕಡತದ ಬಗ್ಗೆ ಬೇರೆಯೇ ಬರೆಯುತ್ತೇನೆ.