ಸಹಾಯ ಬೇಕು: ಗಾಜಿನ ಜೊತೆ ಮಡಿವಾಳ ಹಕ್ಕಿಯ ಜಗಳ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಮನೆ. ಗಂಡು ಮಡಿವಾಳ ಹಕ್ಕಿಯೊಂದು ಬೆಳಗಾದರೆ ಕಾರಿನ ಸೈಡ್ ಮಿರರ್ ಮೇಲೆ ಕೂತು, ಬಾಲ ಎತ್ತಿ, ಗಾಜು ಕುಕ್ಕೋಕೆ ಶುರು. ಗಾಜಿನ ತುಂಬ ಕೊಕ್ಕಿನ ಗುರುತು, ಬಾಗಿಲ ಮೇಲೆಲ್ಲ ಹಿಕ್ಕೆ. ಮಾರ್ಚ್‌ನಿಂದ ಜುಲೈವರೆಗೆ ಇವುಗಳ ಗೂಡಿನ ಕಾಲ, ತನ್ನ ಬಿಂಬವನ್ನೇ ಬೇರೆ ಗಂಡು ಅಂದ್ಕೊಂಡು ಮೇಲೆ ಬೀಳುತ್ತೆ ಅಂತ ಗೊತ್ತು. ಹಿತ್ತಲ ಹಲಸಿನ ಮರದ ಪೊಟರೆಯಲ್ಲಿ ಗೂಡೂ ಇದೆ.

ಮಿರರಿಗೆ ಹಳೇ ಸಾಕ್ಸ್ ಹಾಕಿದ ಮೇಲೆ ಕಾರು ಬಚಾವ್. ಈಗ ಅಡುಗೆಮನೆ ಕಿಟಕಿಗೆ ಬಂದಿದೆ. ಒಳಗಡೆ ಪರದೆ ಎಳೆದರೆ ಬಿಂಬ ಇನ್ನೂ ಚೆನ್ನಾಗಿ ಕಾಣುತ್ತೆ! ಹೊರಗಿನಿಂದ ಸೋಪು ನೀರು ಬಳಿದರೆ ಸಾಕಾ, ಬಲೆ ಕಟ್ಟಬೇಕಾ? ಬಲೆಗೆ ಕಾಲು ಸಿಕ್ಕಿಕೊಂಡೀತು ಅನ್ನೋ ಭಯ. ಓಡಿಸೋ ಸಲಹೆ ಮಾತ್ರ ಬೇಡ, ಮರಿಗಳಿವೆ. ಅನುಭವ ಇದ್ದವರು ದಯವಿಟ್ಟು ಹೇಳಿ.