ಸೋಮವಾರ ಅಸೈನ್‌ಮೆಂಟ್ ಕೊಡಬೇಕು, ಒಂದು ಪುಟವೂ ಆಗಿಲ್ಲ: ನಕಲು ಮಾಡದೆ ದಾರಿ ಇದೆಯೇ?

ಪ್ರಶ್ನೆ: ಬಿ.ಕಾಂ. ವಿದ್ಯಾರ್ಥಿನಿ, ಗದಗ

ನಮ್ಮ ಊರು ಮುಂಡರಗಿಯ ಕಡೆ. ದಿನವೂ ಬಸ್ಸಿನಲ್ಲಿ ಗದಗಿನ ಕಾಲೇಜಿಗೆ ಬಂದು ಹೋಗುತ್ತೇನೆ. ‘ಭಾರತದಲ್ಲಿ ಸಹಕಾರ ಚಳವಳಿಯ ಬೆಳವಣಿಗೆ’ ಎಂಬ ವಿಷಯದ ಮೇಲೆ 15 ಪುಟ ಬರೆದು ಸೋಮವಾರ ಒಪ್ಪಿಸಬೇಕು. ಇಂದು ಗುರುವಾರ. ಹೊಲದಲ್ಲಿ ಗೋವಿನಜೋಳದ ರಾಶಿ ಇದ್ದುದರಿಂದ ಪುಸ್ತಕ ಹಿಡಿಯಲು ಆಗಲಿಲ್ಲ. ಇನ್ನೆರಡು ವಿಷಯಗಳ ಅಸೈನ್‌ಮೆಂಟುಗಳೂ ಅದೇ ವಾರ ಬಂದಿವೆ. ಗೆಳತಿಯೊಬ್ಬಳು ಹೋದ ವರ್ಷದ ಸೀನಿಯರ್ ಒಬ್ಬರ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದಾಳೆ. ಹೆಸರು ಬದಲಿಸಿದರೆ ಸಾಕಂತೆ. ಇನ್ನೊಬ್ಬಳು ಮೊಬೈಲಿನ ಎಐಗೆ ಕೇಳಿದರೆ ಹತ್ತು ನಿಮಿಷದ ಕೆಲಸ ಎನ್ನುತ್ತಾಳೆ. ನನಗೆ ಮನಸ್ಸಿಲ್ಲ. ಆದರೆ ಆಂತರಿಕ ಅಂಕ ಹೋದರೆ ವಿದ್ಯಾರ್ಥಿವೇತನಕ್ಕೆ ತೊಂದರೆಯಾದೀತೆಂಬ ಭಯವಿದೆ. ಇಂಥ ಸ್ಥಿತಿಯನ್ನು ದಾಟಿದವರು ಏನು ಮಾಡಿದಿರಿ?

ಪದವಿ ಕಾಲೇಜಿನ ಉಪನ್ಯಾಸಕಿ, ಧಾರವಾಡ

ನಾಳೆ ಬೆಳಿಗ್ಗೆ ಮೊದಲ ತರಗತಿಗೆ ಮುನ್ನ ಸ್ಟಾಫ್ ರೂಮಿಗೆ ಹೋಗಿ ನಿನ್ನ ಉಪನ್ಯಾಸಕರನ್ನು ಕಾಣು. ಬರಿಗೈಯಲ್ಲಿ ಹೋಗಬೇಡ. ಇಂದು ರಾತ್ರಿ ಅರ್ಧ ತಾಸು ಕುಳಿತು, ಏನೇನು ಬರೆಯಬೇಕೆಂದಿದ್ದೀಯೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೋ. ಅದನ್ನು ತೋರಿಸಿ ನೇರವಾಗಿ ಹೇಳು: ‘ಮನೆಯಲ್ಲಿ ರಾಶಿ ಇತ್ತು, ಇಷ್ಟು ಯೋಜನೆ ಮಾಡಿಕೊಂಡಿದ್ದೇನೆ, ಬುಧವಾರದವರೆಗೆ ಕಾಲಾವಕಾಶ ಸಿಗಬಹುದೇ? ಸಿಗದಿದ್ದರೆ ಸೋಮವಾರ ಆದಷ್ಟು ಪುಟ ಕೊಡುತ್ತೇನೆ.’ ಗಡುವಿನ ದಿನ ಬಂದು ಕೇಳುವವರಿಗೆ ನಾವು ಮುಖ ಗಂಟಿಕ್ಕುತ್ತೇವೆ, ನಿಜ. ಮೂರು ದಿನ ಮೊದಲು ಹಾಳೆ ಹಿಡಿದು ಬಂದವರನ್ನು ಹಾಗೆ ಕಳುಹಿಸಲು ಮನಸ್ಸು ಬರುವುದಿಲ್ಲ. ಆಂತರಿಕ ಅಂಕಗಳನ್ನು ನಾವು ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕಾದ ದಿನ ಬೇರೆ ಇರುತ್ತದೆ. ತರಗತಿಯಲ್ಲಿ ಹೇಳುವ ಗಡುವನ್ನು ಸಾಮಾನ್ಯವಾಗಿ ಅದಕ್ಕಿಂತ ಕೆಲವು ದಿನ ಮುಂಚೆಯೇ ಇಟ್ಟಿರುತ್ತೇವೆ. ಕಾರಣವನ್ನು ಮಾತ್ರ ಹುಟ್ಟಿಸಬೇಡ. ಜ್ವರ, ಅಜ್ಜಿಯ ತಿಥಿ ಯಾವುದೂ ಬೇಕಾಗಿಲ್ಲ. ರಾಶಿಯ ಕಾಲದಲ್ಲಿ ಹಳ್ಳಿಯ ಮಕ್ಕಳ ಹಾಜರಿ ಏಕೆ ಇಳಿಯುತ್ತದೆ ಎಂಬುದು ಈ ಭಾಗದಲ್ಲಿ ಪಾಠ ಮಾಡುವ ಪ್ರತಿಯೊಬ್ಬರಿಗೂ ಗೊತ್ತು.

ಇನ್ನು ಸೀನಿಯರ್ ಫೈಲಿನ ವಿಷಯ. ಅದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಮಕ್ಕಳು ಆಶ್ಚರ್ಯಪಡುತ್ತಾರೆ. ಸುತ್ತುವ ಫೈಲುಗಳಲ್ಲಿ ಬಹಳಷ್ಟು ಮೊದಲು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಯಾರೋ ಅವನ್ನು ಯೂನಿಕೋಡಿಗೆ ಪರಿವರ್ತಿಸಿರುತ್ತಾರೆ, ಆಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಉದುರುತ್ತದೆ. ಅದೇ ಜಾಗದಲ್ಲಿ ಅದೇ ಉದುರಿದ ಒತ್ತಕ್ಷರ ನಾಲ್ಕು ಜನರ ಬರಹದಲ್ಲಿ ಕಂಡರೆ ಪತ್ತೆಗೆ ಯಾವ ಯಂತ್ರವೂ ಬೇಡ. ಕೈಬರಹದಲ್ಲಿ ನಕಲು ಮಾಡಿದವರೂ ಆ ತಪ್ಪನ್ನೇ ನಿಷ್ಠೆಯಿಂದ ಇಳಿಸಿರುತ್ತಾರೆ. ನವಲಗುಂದದ ಕಡೆಯ ಹುಡುಗನೊಬ್ಬನ ಅಸೈನ್‌ಮೆಂಟಿನಲ್ಲಿ ‘ನಮ್ಮ ಜಿಲ್ಲೆಯ ಅಡಕೆ ಬೆಳೆಗಾರರ ಸಂಘಗಳು’ ಎಂಬ ಅಧ್ಯಾಯವೇ ಇತ್ತು. ಅದು ಶಿರಸಿಯ ಕಡೆಯಿಂದ ಹೊರಟು ಎಷ್ಟು ಕೈ ದಾಟಿ ಅವನ ಹತ್ತಿರ ಬಂದಿತ್ತೋ. ಅವನನ್ನು ಕೂರಿಸಿಕೊಂಡು ಕೇಳಿದಾಗ ತಿಳಿಯಿತು, ಅವನ ಅಪ್ಪ ಊರಿನ ಸೊಸೈಟಿಯ ನಿರ್ದೇಶಕರಾಗಿದ್ದವರು. ಮನೆಯಲ್ಲೇ ಇದ್ದ ವಿಷಯವನ್ನು ಬಿಟ್ಟು ಅವನು ಅಡಕೆಯ ಹಿಂದೆ ಹೋಗಿದ್ದ. ನನಗೆ ಕೋಪಕ್ಕಿಂತ ಸಂಕಟ ಹೆಚ್ಚಾಯಿತು.

ನಮ್ಮ ಕಡೆಯ ತಪ್ಪೂ ಇದೆ ಎಂಬುದನ್ನು ಹೇಳಲೇಬೇಕು. ವರ್ಷವರ್ಷವೂ ಅದೇ ವಿಷಯ, ಅದೇ 15 ಪುಟ ಕೊಟ್ಟರೆ ಹಳೆಯ ಫೈಲಿಗೆ ಬೆಲೆ ಬರುವುದು ಸಹಜ. ಎಲ್ಲ ವಿಷಯಗಳ ಗಡುವನ್ನೂ ಒಂದೇ ವಾರಕ್ಕೆ ತಂದು ನಿಲ್ಲಿಸುವುದು ಇನ್ನೊಂದು ಅನ್ಯಾಯ. ಉಪನ್ಯಾಸಕರು ತಮ್ಮತಮ್ಮಲ್ಲಿ ಮಾತನಾಡಿಕೊಂಡರೆ ಅದು ತಪ್ಪುತ್ತದೆ. ಇದನ್ನು ನಿಮ್ಮ ತರಗತಿಯ ಪ್ರತಿನಿಧಿ ಕೇಳಬಹುದು, ಕೇಳಬೇಕು.

ಎಂ.ಎ. ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲರೂ ಕಾಲಾವಕಾಶ ಕೊಡುವುದಿಲ್ಲ. ಪದವಿಯಲ್ಲಿದ್ದಾಗ ನನ್ನ ಉಪನ್ಯಾಸಕರು ‘ಆಗದು’ ಎಂದು ಒಂದೇ ಮಾತಿನಲ್ಲಿ ಕಳುಹಿಸಿದರು. ಬರೆದಷ್ಟನ್ನೇ ಕೊಟ್ಟೆ. ಹತ್ತರಲ್ಲಿ ಐದು ಅಂಕ ಬಂತು. ಆಗ ಪ್ರಪಂಚವೇ ಮುಳುಗಿದಂತೆ ಅನ್ನಿಸಿತ್ತು. ಆ ವಿಷಯದ ನೂರು ಅಂಕಗಳ ಲೆಕ್ಕದಲ್ಲಿ ಕಳೆದುಕೊಂಡದ್ದು ಐದು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಚೆನ್ನಾಗಿ ಬರೆದರೆ ಬರುವಷ್ಟು. ನಿಮ್ಮ ಅಸೈನ್‌ಮೆಂಟಿಗೆ ಎಷ್ಟು ಅಂಕ, ಅರ್ಧ ಕೊಟ್ಟರೆ ಎಷ್ಟು ಹೋಗುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ. ವಿದ್ಯಾರ್ಥಿವೇತನದ ಷರತ್ತು ಏನಿದೆ ಎಂಬುದನ್ನು ಗೆಳತಿಯರ ಬಾಯಿಂದ ಕೇಳದೆ ಕಾಲೇಜಿನ ಕಚೇರಿಯಲ್ಲೇ ಕೇಳಿ. ಲೆಕ್ಕ ಕಣ್ಣ ಮುಂದೆ ಇದ್ದರೆ ಭಯ ಅಷ್ಟು ಕೆಲಸ ಮಾಡುವುದಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ

ಎಐ ಬಗ್ಗೆ ಯಾರೂ ಹೇಳಲಿಲ್ಲ. ‘ಸಿಕ್ಕಿಬೀಳುತ್ತೀರಿ’ ಎಂದು ನಾನು ಹೆದರಿಸುವುದಿಲ್ಲ, ಏಕೆಂದರೆ ಅದು ಪೂರ್ತಿ ಸತ್ಯವಲ್ಲ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ ಯಂತ್ರದ ಬರಹವನ್ನು ಗುರುತಿಸುವ ಸಾಧನವೊಂದನ್ನು 2023ರ ಆರಂಭದಲ್ಲಿ ಬಿಟ್ಟು, ನಿಖರತೆ ಕಡಿಮೆ ಎಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಂದರೆ ನಕಲು ಮಾಡಿದವರು ತಪ್ಪಿಸಿಕೊಳ್ಳಬಹುದು, ಸ್ವಂತ ಬರೆದವರ ಮೇಲೂ ಸಂಶಯ ಬರಬಹುದು. ಆದ್ದರಿಂದ ನಿಮ್ಮ ಕರಡು ಹಾಳೆಗಳನ್ನು ಎಸೆಯಬೇಡಿ. ಹೊಡೆದು ಹಾಕಿದ ಸಾಲು, ಅಂಚಿನ ಟಿಪ್ಪಣಿ, ಪುಸ್ತಕದ ಪುಟಸಂಖ್ಯೆ ಇರುವ ಹಾಳೆಗಳೇ ನಿಮ್ಮ ಸಾಕ್ಷಿ.

ನನ್ನ ಆಕ್ಷೇಪ ಬೇರೆ. ಎಐ ತನಗೆ ಗೊತ್ತಿಲ್ಲದ ಸಂಗತಿಯನ್ನೂ ಗೊತ್ತಿದ್ದಷ್ಟೇ ಧೈರ್ಯದಿಂದ ಹೇಳುತ್ತದೆ. ಇಲ್ಲದ ಪುಸ್ತಕಕ್ಕೆ ಹೆಸರು, ಲೇಖಕ, ವರ್ಷ ಎಲ್ಲವನ್ನೂ ಹೊಂದಿಸಿ ಕೊಡುತ್ತದೆ. ನಿಮ್ಮ ತಾಲ್ಲೂಕಿನ ಸೊಸೈಟಿಯ ಬಗ್ಗೆ ಕೇಳಿದರೆ ಹೊಂದುವಂಥದ್ದೇನನ್ನೋ ಹೇಳುತ್ತದೆ, ಅದು ಸರಿಯೋ ತಪ್ಪೋ ಎಂದು ತಿಳಿಯಲು ನೀವು ಮತ್ತೆ ಸೊಸೈಟಿಗೇ ಹೋಗಬೇಕು. ಅರ್ಥವಾಗದ ಪದವನ್ನು ಬಿಡಿಸಿ ಹೇಳಲು, ಇಂಗ್ಲಿಷ್ ಪುಸ್ತಕದ ಕಠಿಣ ಪ್ಯಾರಾವನ್ನು ಸರಳಗೊಳಿಸಲು ಅದನ್ನು ಬಳಸುವುದರಲ್ಲಿ ತಪ್ಪಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಬಳಸಬಹುದೇ ಎಂದು ಉಪನ್ಯಾಸಕರನ್ನು ಮೊದಲೇ ಕೇಳಿ, ಬಳಸಿದ್ದರೆ ಕೊನೆಯಲ್ಲಿ ಹೇಳಿ.

ನನ್ನ ಬ್ಯಾಚಿನ ಒಬ್ಬನು ಸಿದ್ಧ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದಿದ್ದ. ಕಾಲೇಜಿನಲ್ಲಿ ಅಂಕ ಬಂತು, ಯಾರೂ ಕೇಳಲಿಲ್ಲ. ಉದ್ಯೋಗದ ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆಯೇ ‘ಈ ವಿಧಾನವನ್ನೇ ಏಕೆ ಆರಿಸಿಕೊಂಡಿರಿ?’ ಎಂಬುದು. ಅವನು ಆರಿಸಿಕೊಂಡೇ ಇರಲಿಲ್ಲ. ಜಾಣ ಹುಡುಗ. ಎರಡು ವಾರ ಕುಳಿತಿದ್ದರೆ ಸ್ವಂತವಾಗಿ ಮಾಡುತ್ತಿದ್ದ ಎಂಬುದೇ ನನಗೆ ಇವತ್ತಿಗೂ ಬೇಸರ.

ಪ್ರಶ್ನೆ ಕೇಳಿದವಳು, ಗದಗ

ಎಲ್ಲರಿಗೂ ಧನ್ಯವಾದ. ಒಂದು ಸಂಶಯ: ಗೆಳತಿ ಕಳುಹಿಸಿದ ಫೈಲನ್ನು ಹೇಗೆ ಬರೆದಿದ್ದಾರೆಂದು ನೋಡಲು ಮಾತ್ರ ತೆರೆಯಬಹುದೇ?

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ತೆರೆಯಬೇಡಿ ಎಂಬುದೇ ನನ್ನ ಸಲಹೆ. ಸಮಯ ಕಡಿಮೆ ಇರುವಾಗ ಸಿದ್ಧ ವಾಕ್ಯ ಕಣ್ಣ ಮುಂದಿದ್ದರೆ ನಮ್ಮ ವಾಕ್ಯ ಹುಟ್ಟುವುದೇ ಇಲ್ಲ. ರೂಪುರೇಷೆ ಬೇಕಿದ್ದರೆ ಪಠ್ಯಪುಸ್ತಕದ ಆ ಅಧ್ಯಾಯದ ಉಪಶೀರ್ಷಿಕೆಗಳೇ ಸಾಕು.

ಪದವಿಯ ಅಸೈನ್‌ಮೆಂಟಿನಲ್ಲಿ ಇದು ಚಿಕ್ಕ ವಿಷಯ ಎನ್ನಿಸಬಹುದು, ಮುಂದೆ ಹಾಗಿರುವುದಿಲ್ಲ. ಸಂಶೋಧನಾ ಪ್ರಬಂಧಗಳ ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ನಿಯಮಾವಳಿ ತಂದಿದೆ. ಶೇ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಒಪ್ಪಿಸಬೇಕು. 40ರಿಂದ 60 ಆದರೆ ಒಂದು ವರ್ಷದವರೆಗೆ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆ ಹಾಕಿ, ಯಾರ ಮಾತೆಂದು ಹೇಳಿ ಬಳಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಿಂದ ‘ಶೋಧಶುದ್ಧಿ’ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಪರೀಕ್ಷಿಸುವ ತಂತ್ರಾಂಶವನ್ನೂ ಕೊಡುತ್ತಿದೆ. ವರ್ಷಗಟ್ಟಲೆ ದುಡಿದವರು ಕೂಡ ಇಲ್ಲಿ ಎಡವುತ್ತಾರೆ. ಟಿಪ್ಪಣಿ ಮಾಡಿಕೊಳ್ಳುವಾಗ ಯಾವುದು ತಮ್ಮ ಮಾತು, ಯಾವುದು ಪುಸ್ತಕದ ಮಾತು ಎಂದು ಗುರುತಿಸದೆ ಇರುವುದೇ ಅದಕ್ಕೆ ದೊಡ್ಡ ಕಾರಣ. ಈ ಅಸೈನ್‌ಮೆಂಟಿನಿಂದಲೇ ಶುರು ಮಾಡಿ: ಪುಸ್ತಕದಿಂದ ಇಳಿಸಿಕೊಂಡದ್ದಕ್ಕೆ ಕೆಂಪು ಶಾಯಿ, ಸ್ವಂತದ್ದಕ್ಕೆ ನೀಲಿ.

ಕೆಲಸ ಬಾಕಿ ಉಳಿಯುವುದು ಸೋಮಾರಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದ್ದರು. ಸರಾಸರಿ 34 ದಿನ ಎಂದರು. ಹಿಡಿದದ್ದು 55 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರ ಕೂಡ ಅದಕ್ಕಿಂತ ಕಡಿಮೆಯಿತ್ತು. ಹಾಗಾಗಿ ಮುಂದಿನ ಸೆಮಿಸ್ಟರಿನಲ್ಲಿ ನಿಮಗೆ ತೋಚಿದ ಅವಧಿಗೆ ಅರ್ಧದಷ್ಟು ಸೇರಿಸಿಕೊಂಡೇ ಲೆಕ್ಕ ಹಾಕಿ, ರಾಶಿಯ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಹೊಡೆದು ಹಾಕಿ.

ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯವರು, ಹಾವೇರಿ

ಒಂದೆರಡು ಮಾತು ನನ್ನದೂ ಇರಲಿ. ಗಡುವಿನ ಹಿಂದಿನ ಸಂಜೆ ಅಂಗಡಿಯ ಮುಂದೆ ಹುಡುಗರ ಸಾಲು ನಿಲ್ಲುತ್ತದೆ. ‘ರೆಡಿ ಫೈಲ್ ಇದೆಯೇ?’ ಎಂದು ಕೇಳುತ್ತಾರೆ. ಇಲ್ಲ, ನಾನು ಇಟ್ಟುಕೊಳ್ಳುವುದಿಲ್ಲ, ನನ್ನ ಮಗಳೂ ಕಾಲೇಜಿಗೆ ಹೋಗುತ್ತಾಳೆ. ಅವರಲ್ಲಿ ಬಹಳ ಮಂದಿ ಬರೆದವರೇ. ಟೈಪಿಂಗ್ ಮುಗಿಯುವುದಿಲ್ಲವೆಂದು ಕೈಚೆಲ್ಲುತ್ತಾರೆ. ಕಾಲೇಜಿನವರು ಟೈಪ್ ಮಾಡಿಯೇ ಕೊಡಿ ಎಂದು ಹೇಳಿಲ್ಲದಿದ್ದರೆ ಕೈಬರಹದಲ್ಲೇ ಕೊಡಿ. ಟೈಪಿಂಗ್ ಬೇಕೇ ಆದರೆ ಬರೆದಷ್ಟನ್ನು ಶನಿವಾರವೇ ತಂದುಕೊಡಿ. ಭಾನುವಾರ ರಾತ್ರಿ ವಿದ್ಯುತ್ ಹೋದರೆ ನಾನೂ ಏನೂ ಮಾಡಲಾರೆ.

ನಿವೃತ್ತ ಸೊಸೈಟಿ ಕಾರ್ಯದರ್ಶಿ, ಗದಗ ತಾಲ್ಲೂಕು

ತಂಗಿ, ನಿನ್ನ ವಿಷಯ ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಸಹಕಾರ ಚಳವಳಿಯ ಬಗ್ಗೆ ಬರೆಯಲು ಗದಗ ಜಿಲ್ಲೆಯ ಹುಡುಗಿ ಬೇರೆಯವರ ಫೈಲು ತರಬೇಕೇ? ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ಮುಂದಾಳು ಸಿದ್ದನಗೌಡ ಪಾಟೀಲರು. ಅದಕ್ಕೆ ಹಿಂದಿನ ವರ್ಷವೇ, 1904ರಲ್ಲಿ, ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದಿತ್ತು. ಅದರ ಹಿಂದೆ ಜರ್ಮನಿಯ ರೈಫೈಸನ್ ಎಂಬವರು ಹಳ್ಳಿಗರಿಗಾಗಿ ಕಟ್ಟಿದ ಸಾಲ ಸಂಘಗಳ ಮಾದರಿ ಇತ್ತು. ಹಳ್ಳಿಯ ಸಂಘಕ್ಕೆ ಅಪರಿಮಿತ ಹೊಣೆ ಎಂಬ ನಿಯಮವಿತ್ತು: ಸಂಘ ಮುಳುಗಿದರೆ ಸದಸ್ಯರು ತಮ್ಮ ಷೇರಿನ ಹಣಕ್ಕಷ್ಟೇ ಅಲ್ಲ, ಸಂಘದ ಇಡೀ ಸಾಲಕ್ಕೆ ಜವಾಬ್ದಾರರು. ಸಾಹುಕಾರನ ಬಡ್ಡಿಯಲ್ಲಿ ಬೇಯುತ್ತಿದ್ದ ರೈತರು ಅಂಥ ಹೊಣೆಗೆ ಒಬ್ಬರನ್ನೊಬ್ಬರು ನಂಬಿ ಸಹಿ ಹಾಕಿದರಲ್ಲ, ಅದನ್ನು ವಿವರಿಸಲು ನಿನಗೆ ಎರಡು ಪುಟ ಬೇಕಾಗುತ್ತದೆ. 1904ರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಮಾರಾಟ, ಖರೀದಿ ಮುಂತಾದ ಸಂಘಗಳಿಗೆ ಬಾಗಿಲು ತೆರೆದದ್ದು 1912ರ ಕಾಯ್ದೆ. ನಮ್ಮ ರಾಜ್ಯದ ಈಗಿನ ಕಾಯ್ದೆ 1959ರದು. ಇಷ್ಟು ನಿನ್ನ ಇತಿಹಾಸದ ಭಾಗ.

ಉಳಿದದ್ದು ನಿನ್ನ ಊರಿನಲ್ಲಿ ಸಿಗುತ್ತದೆ. ಸೊಸೈಟಿಗೆ ಹೋಗಿ ಕಾರ್ಯದರ್ಶಿಯನ್ನು ಕೇಳು: ಸಂಘ ನೋಂದಣಿಯಾದದ್ದು ಯಾವಾಗ, ಸದಸ್ಯರು ಎಷ್ಟು, ಅವರಲ್ಲಿ ಹೆಣ್ಣುಮಕ್ಕಳು ಎಷ್ಟು, ಬೆಳೆಸಾಲಕ್ಕೆ ಹಣ ಎಲ್ಲಿಂದ ಬರುತ್ತದೆ. ಹಳ್ಳಿಯ ಸಂಘ, ಅದರ ಮೇಲೆ ಧಾರವಾಡದ ಕೆ.ಸಿ.ಸಿ. (ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್) ಬ್ಯಾಂಕ್, ಅದರ ಮೇಲೆ ಬೆಂಗಳೂರಿನ ಅಪೆಕ್ಸ್ ಬ್ಯಾಂಕ್ ಎಂಬ ಮೂರು ಹಂತಗಳನ್ನು ಅವರು ಪುಸ್ತಕಕ್ಕಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ವಾರ್ಷಿಕ ಸಾಮಾನ್ಯ ಸಭೆಯ ಮುದ್ರಿತ ವರದಿ ಇದ್ದರೆ ಕೇಳಿ ತೆಗೆದುಕೋ, ಅದರಲ್ಲಿ ಜಮಾಖರ್ಚು, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಎಲ್ಲವೂ ಇರುತ್ತವೆ. ಬಿ.ಕಾಂ. ಹುಡುಗಿಗೆ ಅದನ್ನು ಓದಲು ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮನೆಗೆ ಬೆಳೆಸಾಲ ಇದ್ದರೆ ಅಪ್ಪನನ್ನೂ ಕೇಳು, ಅರ್ಜಿ ಕೊಟ್ಟ ದಿನದಿಂದ ಹಣ ಕೈಗೆ ಬರುವವರೆಗೆ ಏನೇನಾಯಿತು ಎಂದು. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಬರೆದಿಡು. ಬೇರೆ ಸಾಲಗಾರರ ಹೆಸರು, ಬಾಕಿಯ ಮೊತ್ತ ಕಣ್ಣಿಗೆ ಬಿದ್ದರೂ ಬರೆದುಕೊಳ್ಳಬೇಡ; ಅದು ಅವರ ಮನೆಯ ಮಾತು.

ಹೀಗೆ ಮಾಡಿದರೆ 15 ಪುಟ ಆಗದೆ ಇರಬಹುದು, ಎಂಟೋ ಒಂಬತ್ತೋ ಆದೀತು. ಅಷ್ಟನ್ನೇ ಕೊಡು. ಈ ವಾರ ಎರಡನೆಯ ಅಥವಾ ನಾಲ್ಕನೆಯ ಶನಿವಾರವಿದ್ದರೆ ಕಚೇರಿ ಮುಚ್ಚಿರುವ ಸಂಭವ ಉಂಟು. ಆದ್ದರಿಂದ ನಾಳೆ ಮಧ್ಯಾಹ್ನ ಕಾಲೇಜಿನಿಂದ ಬರುವಾಗಲೇ ಹೋಗು. ಸಂಜೆ ಐದರ ಹೊತ್ತಿಗೆ ಕಾರ್ಯದರ್ಶಿ ದಿನದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ, ಅದಕ್ಕಿಂತ ಮೊದಲು ತಲುಪು.